ಅವ್ವ ಸುಲಿಯುವ ತತ್ತಿ

ನಮ್ಮೂರು ಮಸ್ಕಿಗೂ ಸಿಂಧನೂರಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಅವ್ವ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ವಾರಕ್ಕೆ ಎರಡು ದಿನ ಇದ್ದ ತತ್ತಿ 2024ರ ಸೆಪ್ಟೆಂಬರ್‌ನಲ್ಲಿ ಆರು ದಿನಕ್ಕೇರಿತು. ಅಷ್ಟೊತ್ತಿಗೆ ನಾನು ಲಿಂಗಸುಗೂರಿನ ಪಿಯು ಕಾಲೇಜು ಸೇರಿಯಾಗಿತ್ತು. ಲಾಭವೆಲ್ಲ ಆರನೇ ತರಗತಿಯ ತಮ್ಮನಿಗೆ.

ಹೆಚ್ಚಿನ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು ಎಂದಾಗ ಅವ್ವ, ‘ಯಾರವಾ ಅವ್ರು? ಏನ್ ಮಾಡ್ತಿದ್ರು?’ ಎಂದಳು. ಕಂಪ್ಯೂಟರ್ ಎಂದೆ. ತಿಳಿಯಲಿಲ್ಲ. ‘ಮೊದಲ ಎಣ್ಣಿ ವ್ಯಾಪಾರ ಇತ್ತಂತ’ ಎಂದದ್ದೇ ಮುಖ ಗಂಟಿಕ್ಕಿದಳು. ನಮ್ಮ ಕಡೆ ಎಣ್ಣೆ ಎಂದರೆ ಮೊದಲು ನೆನಪಾಗುವುದು ಸಾರಾಯಿ ಅಂಗಡಿ! ಅಡುಗೆ ಎಣ್ಣೆ ಎಂದು ಬಿಡಿಸಿ ಹೇಳಬೇಕಾಯಿತು.

ಕಾಲೇಜಿನ ಬಸ್ಸಿನಲ್ಲಿ ಕೂತು ಅವರ ಬಗ್ಗೆ ಓದಿದೆ. ಮಹಾರಾಷ್ಟ್ರದ ಅಮಲ್ನೇರ್‌ನಲ್ಲಿ 1945ರಲ್ಲಿ ಅವರ ತಂದೆ ಹಾಶಂ ಪ್ರೇಮ್‌ಜಿ ವನಸ್ಪತಿ ಕಂಪನಿ ಶುರು ಮಾಡಿದರು. ಬಟ್ಟೆ ಒಗೆಯುವ 787 ಸಾಬೂನೂ ಅಲ್ಲಿಯದೇ. ಆ ಕಂಪನಿಯ ಉದ್ದ ಹೆಸರು ಮುಂದೆ ವಿಪ್ರೊ ಆಯಿತು. ಜಿನ್ನಾ ಪಾಕಿಸ್ತಾನಕ್ಕೆ ಕರೆದರೂ ಹಾಶಂ ಹೋಗಲಿಲ್ಲವಂತೆ. 1966ರಲ್ಲಿ ಅವರು ತೀರಿಕೊಂಡಾಗ ಅಜೀಂ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. 21ನೇ ವಯಸ್ಸಿಗೆ ಓದು ಬಿಟ್ಟು ಬಂದು ಎಣ್ಣೆ ವ್ಯಾಪಾರ ಹಿಡಿದರು. 2019ರ ಹೊತ್ತಿಗೆ ವಿಪ್ರೊದಲ್ಲಿನ ಶೇ 67ರಷ್ಟು ಷೇರುಗಳ ಆದಾಯವನ್ನು ದಾನಕ್ಕೆ ಬಿಟ್ಟಿದ್ದರು.

ಚುನಾವಣೆಗೆ ನಿಂತವರಲ್ಲ. ಆಡಳಿತ ಹದಗೆಟ್ಟಿದೆ ಎಂದು 2011ರಲ್ಲಿ ದೇಶದ ನಾಯಕರಿಗೆ ಬಹಿರಂಗ ಪತ್ರ ಬರೆದ ಗಣ್ಯರಲ್ಲಿ ಅವರೂ ಒಬ್ಬರು. ನನಗೇನೋ ಆ ಪತ್ರಕ್ಕಿಂತ ತತ್ತಿಯೇ ದೊಡ್ಡ ರಾಜಕೀಯ ಅನ್ನಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳಲ್ಲಿ ಸರ್ಕಾರ ತತ್ತಿ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದರು. ನಾನಾಗ ಎಂಟನೇ ತರಗತಿ. ತಿನ್ನದವರಿಗೆ ಬಾಳೆಹಣ್ಣು ಇತ್ತು. ನನ್ನ ಗೆಳತಿಯೊಬ್ಬಳು ಶಾಲೆಯಲ್ಲಿ ತತ್ತಿ ತಿಂದು, ಮನೆಯಲ್ಲಿ ಬಾಳೆಹಣ್ಣು ಎಂದು ಹೇಳುತ್ತಿದ್ದಳು. ಅಂಥ ಜಗಳದ ವಸ್ತುವಿಗೆ ಮೂರು ವರ್ಷಕ್ಕೆಂದು ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪುವುದು ಸುಮ್ಮನೆ ಆಗುವ ಮಾತಲ್ಲ.

ಸಿಂಧನೂರಿನ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಅಪ್ಪ ಮಾತ್ರ ಒಪ್ಪುವುದಿಲ್ಲ. ‘ಸರ್ಕಾರ ಮಾಡೋ ಕೆಲಸ ಸಾಹುಕಾರ್ರು ಯಾಕ ಮಾಡಬೇಕು? ನಾಳಿ ಅವ್ರು ಬಿಟ್ರ?’ ಎನ್ನುತ್ತಾನೆ. ನನ್ನ ಬಳಿ ಉತ್ತರವಿಲ್ಲ. ಯೋಜನೆ ಶುರುವಾದಾಗ ಒಂದು ತತ್ತಿಗೆ ಆರು ರೂಪಾಯಿ ಲೆಕ್ಕ ಹಾಕಿದ್ದರು. ಅದರಲ್ಲಿ ಸುಲಿಯುವ ಕೂಲಿ 30 ಪೈಸೆ. ನಮ್ಮ ಶಾಲೆಗೆ ದಿನಕ್ಕೆ 140 ತತ್ತಿ, ಅಡುಗೆಯವರು ಮೂವರು. ಅವ್ವನ ಪಾಲಿಗೆ 14 ರೂಪಾಯಿ. ತತ್ತಿ ಆರುವ ಮುಂಚೆಯೇ ಗಂಟೆ ಹೊಡೆಯುತ್ತದೆ, ಬಿಸಿಬಿಸಿಯಾಗಿಯೇ ಸುಲಿಯಬೇಕು. ಅವಳ ಹೆಬ್ಬೆರಳಿನ ಚರ್ಮ ಸುಲಿದಿದೆ.

ಒಪ್ಪಂದ 2027ಕ್ಕೆ ಮುಗಿಯುತ್ತದೆ. ತಮ್ಮ ಆಗಿನ್ನೂ ಒಂಬತ್ತನೇ ತರಗತಿ. ಆಮೇಲೆ ಏನು ಎಂದು ರಾತ್ರಿ ಅವ್ವನನ್ನು ಕೇಳಿದೆ.

‘ಅದು ಆಗ ನೋಡೋಣಂತ. ನಾಳಿಗಿ ನಸುಕಿನ್ಯಾಗ ಏಳಬೇಕು, ದೀಪ ಆರ್ಸು’ ಎಂದಳು.