ಕಾಡುಕೋಳಿಯ ಗರಿ, ಸಾಲ್ಮನ್ನಿನ ಗಾಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೆರೆ ತುಂಬಿತೆಂದರೆ ಏರಿಯ ಮೇಲೆ ಗಾಳ ಹಿಡಿದ ಹುಡುಗರು ಕಾಣಿಸಿಕೊಳ್ಳುತ್ತಾರೆ. ಗಾಳಕ್ಕೆ ಎರೆಹುಳು, ದಾರಕ್ಕೆ ಬೆಂಡು. ಹಸಿದ ಮೀನು ಹುಳುವನ್ನು ನುಂಗುತ್ತದೆ, ಬೆಂಡು ಮುಳುಗುತ್ತದೆ. ಆದರೆ ಹೊಟ್ಟೆಯ ಯೋಚನೆಯೇ ಇಲ್ಲದ ಮೀನನ್ನು ಹಿಡಿಯುವುದೆಂತು?

ಸ್ಕಾಟ್ಲೆಂಡಿನ ಹೊಳೆಗಳ ಸಾಲ್ಮನ್ ಅಂತಹ ಮೀನು. ಕಡಲಿನಲ್ಲಿ ಕೊಬ್ಬಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೆ ಮರಳಿದ ಮೇಲೆ ಅದು ಆಹಾರ ಸೇವಿಸುವುದಿಲ್ಲ. ಆದರೂ ಕಣ್ಣೆದುರು ಮಿನುಗಿ ಸುಳಿಯುವ ವಸ್ತುವಿಗೆ ಒಮ್ಮೊಮ್ಮೆ ಬಾಯಿ ಹಾಕುತ್ತದೆ. ಕೋಪದಿಂದಲೋ, ಹಳೆಯ ಅಭ್ಯಾಸಬಲದಿಂದಲೋ, ಬಲ್ಲವರಾರು? ಈ ಚಪಲವನ್ನೇ ನೆಚ್ಚಿ ಅಲ್ಲಿಯವರು ಕೊಕ್ಕೆಗೆ ಗರಿ ಕಟ್ಟಿ, ಅದನ್ನು 'ನೊಣ'ವೆಂದು ಕರೆದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೊಣಕ್ಕೆ ರಾಜವೈಭವ ಬಂದಿತು. ದೇಶದೇಶಗಳ ಹಕ್ಕಿಗಳ ಗರಿಗಳು ಅದನ್ನು ಅಲಂಕರಿಸಿದವು. 1895ರಲ್ಲಿ ಜಾರ್ಜ್ ಕೆಲ್ಸನ್ ಇವುಗಳ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. 'ಜಾಕ್ ಸ್ಕಾಟ್' ಎಂಬ ಹೆಸರಾಂತ ನೊಣದ ಎರಡು ಪಕ್ಕಗಳಲ್ಲಿ ಕಣ್ಣಿನಂತೆ ಹೊಳೆಯುವುದು ಯಾವುದು ಗೊತ್ತೆ? ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಗರಿ! ಹುಂಜದ ಕೊರಳ ಗರಿಗಳಲ್ಲಿ ಅರಗಿನ ಹನಿಯಂತಹ ಬಿಳಿ-ಹಳದಿ ಚುಕ್ಕೆಗಳುಂಟು. ಆ ಚುಕ್ಕೆಗಳಿಗಾಗಿ ಎಷ್ಟೋ ಹುಂಜಗಳು ಪ್ರಾಣ ತೆತ್ತವು.

ಮುಂದೆ ಗರಿಯ ಸ್ಥಾನಕ್ಕೆ ಕೂದಲು ಬಂದಿತು. 'ಹೇರಿ ಮೇರಿ' ಎಂಬ ನೊಣವನ್ನು ಕಟ್ಟುವ ಬಗೆ ಸರಳ. ಕೊಕ್ಕೆಯ ಕಾಲಿಗೆ ಕಪ್ಪು ದಾರ ಸುತ್ತಿ, ಹಿಂತುದಿಯಲ್ಲಿ ಹಳದಿ ಗರಿಯ ಬಾಲವನ್ನು ಕಟ್ಟಬೇಕು. ಕಪ್ಪು ರೇಷ್ಮೆಯ ಮೈ, ಅದರ ಮೇಲೆ ಅಂತರ ಬಿಟ್ಟು ಸುತ್ತಿದ ಜರಿ, ಕೊರಳಡಿಯಲ್ಲಿ ನೀಲಿ ಗರಿ. ಕೊನೆಗೆ ಜಿಂಕೆಯ ಬಾಲದ ಕಂದು ಕೂದಲನ್ನು ರೆಕ್ಕೆಯಂತೆ ಬಿಗಿದು, ತಲೆಗೆ ವಾರ್ನಿಷ್ ಹಚ್ಚಿದರೆ ನೊಣ ಸಿದ್ಧ. ಕೂದಲು ಕೊಂಚವೇ ಇರಬೇಕು. ಹೆಚ್ಚಾದರೆ ನೀರಿನಲ್ಲಿ ಅದಕ್ಕೆ ಜೀವಕಳೆ ಬಾರದು.

ಬೆಡಗುಗಾರನು ಹೊಳೆಗೆ ಅಡ್ಡಲಾಗಿ, ತುಸು ಕೆಳಮುಖವಾಗಿ ನೊಣವನ್ನೆಸೆದು, ಸೆಳವಿನೊಡನೆ ದಡದತ್ತ ತೇಲಿ ಬರಲು ಬಿಡುತ್ತಾನೆ. ಬಂಡೆಯ ಮರೆಯ ಸಾಲ್ಮನ್ ಎದ್ದು ಕಚ್ಚಿದೊಡನೆ ಎಳೆಯಬಾರದು. ಅದು ತಿರುಗಿ ಕೆಳಗಿಳಿಯುವವರೆಗೆ ಕೈ ತಡೆಯಬೇಕು. ಆತುರಗಾರನಿಗೆ ದಕ್ಕುವುದು ಬರಿಯ ಕೊಕ್ಕೆ.

ಸಾಲ್ಮನ್ ಕೂದಲ ನೊಣಕ್ಕೂ ಗರಿಯ ನೊಣಕ್ಕೆ ಬಂದಂತೆಯೇ ಬಂದಿತು. ಹಾಗಾದರೆ ಅಷ್ಟೆಲ್ಲ ಗರಿ ಬೇಕಾಗಿದ್ದುದು ಮೀನಿಗಲ್ಲ, ಮನುಷ್ಯನ ಕಣ್ಣಿಗೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಕೋಳಿಗೆ ರಕ್ಷಣೆಯಿತ್ತಿದೆ. ವಿದೇಶದವರು ಬೇಕಾದ ಗರಿಗೆ ಸಾಕಿದ ಹುಂಜಗಳನ್ನು ನೆಚ್ಚಿದ್ದಾರೆ. ಮಲೆನಾಡಿನ ಹುಂಜ ತನ್ನ ಗರಿಯನ್ನು ತನ್ನ ಕೊರಳಲ್ಲೇ ಧರಿಸಿ ಕೂಗಲಿ.