ಕತ್ತು ನೋವಿಗೆ ಗಲ್ಲಾಪೆಟ್ಟಿಗೆಯ ಮಾತ್ರೆ ಸಾಲದು

ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ, ಬಿಲ್ ಪುಸ್ತಕಗಳ ಜೊತೆ ಇನ್ನೊಂದು ವಸ್ತು ಇದ್ದೇ ಇರುತ್ತದೆ: ನೋವಿನ ಮಾತ್ರೆ. ಕತ್ತು ಹಿಡಿಯಿತೆಂದು ಭಟ್ಟರು ಬಂದರೆ ಒಂದು, ತೋಳು ಸೆಳೆಯುತ್ತದೆಂದು ಸಪ್ಲೈಯರ್ ಬಂದರೆ ಒಂದು. ದಿನವಿಡೀ ಕ್ಯಾಷಿನಲ್ಲಿ ಕತ್ತು ಬಗ್ಗಿಸಿ ಕೂತು ನಮಗೇ ಬೆನ್ನು ನೋವಾದರೂ ಅದರಿಂದಲೇ ಒಂದು. ಈ ಅಭ್ಯಾಸದಿಂದ ನಾವು ಕಲಿತ ಪಾಠವನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಹೈದರಾಬಾದಿನ ನಮ್ಮ ಹೋಟೆಲಿನಲ್ಲಿ ಕುಂದಾಪುರ ಕಡೆಯ ದೋಸೆ ಮಾಸ್ಟರ್ ಒಬ್ಬರಿದ್ದಾರೆ. ಕತ್ತಿನಿಂದ ಬಲಗೈ ಬೆರಳಿನವರೆಗೆ ಸೆಳೆತ, ಹೆಬ್ಬೆರಳಲ್ಲಿ ಜೋಮು ಎನ್ನುತ್ತಿದ್ದರು. ಮೂರು ತಿಂಗಳು ಮಾತ್ರೆ ಕೊಟ್ಟೆವು, ಮುಲಾಮು ಕೊಟ್ಟೆವು. ರಜೆ ಮಾತ್ರ ಕೊಡಲಿಲ್ಲ. ಒಂದು ಭಾನುವಾರ ಬೆಳಗಿನ ರಶ್ಶಿನಲ್ಲಿ ಹಿಟ್ಟಿನ ಪಾತ್ರೆ ಅವರ ಕೈಯಿಂದ ಜಾರಿತು. ಬೈಯಲು ಹೋದ ನಮ್ಮೆದುರು ಕೈ ಚಾಚಿ, "ಧಣಿಗಳೇ, ಹಿಡಿತವೇ ಇಲ್ಲ" ಎಂದರು.

ಡಾಕ್ಟರು ಪರೀಕ್ಷಿಸಿ, ಕತ್ತಿನ ಮೂಳೆಯ ಬಳಿ ನರ ಒತ್ತಿಕೊಂಡಿದೆ, ಜೋಮು ಶುರುವಾದಾಗಲೇ ಬರಬೇಕಿತ್ತು ಎಂದರು. ನೋವು ಹೋಯಿತು, ಹಿಡಿತ ಪೂರ್ತಿ ಮರಳಲಿಲ್ಲ. ನಮ್ಮ ದೋಸೆಗೆ ಹೆಸರು ತಂದ ಕೈ ಇಂದು ಉಗ್ರಾಣದ ಲೆಕ್ಕ ಬರೆಯುತ್ತಿದೆ.

ಕತ್ತಿನಲ್ಲಿ 7 ಮೂಳೆಗಳು, ಅಲ್ಲಿಂದ ಹೊರಡುವ ನರಗಳು 8 ಜೊತೆ. ತೋಳಿಗೂ ಬೆರಳಿಗೂ ಬಲ ಬರುವುದು ಮುಖ್ಯವಾಗಿ ಇವುಗಳಿಂದ. ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದರೆ ಅಥವಾ ಸವೆದರೆ ನರ ಒತ್ತಿಕೊಂಡು, ತೊಂದರೆ ಕತ್ತಿನಲ್ಲಿದ್ದರೂ ನೋವು ತೋಳಿನಲ್ಲಿ ಕಾಣಿಸುತ್ತದೆ. ಹೆದರಬೇಕಿಲ್ಲ. ಹೆಚ್ಚಿನವರಿಗೆ ಔಷಧಿ, ಫಿಸಿಯೋಥೆರಪಿ, ಕೆಲಸದ ಬದಲಾವಣೆಗಳಿಂದ ಕೆಲವು ವಾರಗಳಲ್ಲೇ ಗುಣವಾಗುತ್ತದೆ. ಎಲ್ಲರಿಗೂ ಎಂಆರ್‌ಐ ಬೇಕಿಲ್ಲ, ಆಪರೇಷನ್ ಬೇಕಾಗುವವರು ಕಡಿಮೆ. ಆದರೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುವುದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಶುಗರ್, ಬಿಪಿ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಎರಡು-ಮೂರು ವಾರವಾದರೂ ಇಳಿಯದ ನೋವನ್ನು ಡಾಕ್ಟರಿಗೆ ತೋರಿಸಲೇಬೇಕು. ಕೈಯ ಬಲ ಕುಂದಿದರೆ, ನಡಿಗೆ ತಪ್ಪಿದರೆ, ಮಲಮೂತ್ರದ ಹಿಡಿತ ಹೋದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ಬಿದ್ದು ಪೆಟ್ಟು ಇವು ಜೊತೆಗಿದ್ದರೂ ತಡ ಮಾಡಬಾರದು. ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆಯೊಂದಿಗೆ ತೋಳು ಅಥವಾ ಬೆನ್ನು ನೋಯುತ್ತಿದ್ದರೆ ಅದು ಹೃದಯಾಘಾತವಿರಬಹುದು. ಗ್ಯಾಸ್ ಎಂದು ಸೋಡಾ ಕುಡಿಸದೆ ತಕ್ಷಣ 108ಕ್ಕೆ ಫೋನ್ ಮಾಡಿರಿ. ಆ ಸೇವೆ 2005ರಲ್ಲಿ ಶುರುವಾದದ್ದೇ ನಮ್ಮ ಹೈದರಾಬಾದಿನಲ್ಲಿ.

ಸಲೂನಿನಲ್ಲಿ ಕತ್ತು 'ಲಟಕ್' ಅನ್ನಿಸಿಕೊಳ್ಳುವ ಚಟ ನಮ್ಮ ಹುಡುಗರಿಗೆ ಬಹಳ. ಕತ್ತಿನೊಳಗೆ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. 2022ರಲ್ಲಿ ಇದೇ ಊರಿನ ನರರೋಗ ತಜ್ಞ ಡಾ. ಸುಧೀರ್ ಕುಮಾರ್, ಪಾರ್ಲರಿನಲ್ಲಿ ತಲೆ ತೊಳೆಸಿಕೊಳ್ಳಲು ಕತ್ತು ಹಿಂದಕ್ಕೆ ಬಾಗಿಸಿದ್ದ 50 ವರ್ಷದ ಮಹಿಳೆಯೊಬ್ಬರಿಗೆ ಪಾರ್ಶ್ವವಾಯು ತಗುಲಿದ್ದನ್ನು ತಿಳಿಸಿ ಎಚ್ಚರಿಸಿದ್ದರು. ಬಾಗಿಸಿದ್ದಕ್ಕೇ ಹೀಗಾಗಬಹುದಾದರೆ ತಿರುಚುವುದು ಖಂಡಿತ ಬೇಡ.

ಆಸ್ಪತ್ರೆಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: ನೋವು ಎಂದಿನಿಂದ, ಯಾವ ಕೈ, ಯಾವ ಬೆರಳಲ್ಲಿ ಜೋಮು, ಎತ್ತುವ ಭಾರವೆಷ್ಟು, ನುಂಗಿದ ಮಾತ್ರೆ ಯಾವುದು, ಶುಗರ್-ಬಿಪಿ ಇದೆಯೇ. ಯಾವ ಬೆರಳು ಎಂಬುದರಿಂದಲೇ ಯಾವ ನರವೆಂದು ಡಾಕ್ಟರು ಅಂದಾಜು ಮಾಡಬಲ್ಲರು. ಊರಿನಿಂದ ಹೊಸದಾಗಿ ಬಂದ ಹುಡುಗನನ್ನು ಒಬ್ಬನೇ ಕಳಿಸಬೇಡಿರಿ. ನಮ್ಮ 'ಜೋಮು' ತೆಲುಗಿನಲ್ಲಿ 'ತಿಮ್ಮಿರಿ', ಹಿಂದಿಯಲ್ಲಿ 'ಝುನ್‌ಝುನಿ' ಎಂದು ತಿಳಿಯದೆ ಬರೀ 'ನೊಪ್ಪಿ' ಎಂದು ಹೇಳಿದರೆ ಮತ್ತೆ ಬರೀ ಮಾತ್ರೆಯೊಂದಿಗೆ ವಾಪಸಾಗುತ್ತಾನೆ.

ಖರ್ಚಿನ ಮಾತು. ತಿಂಗಳಿಗೆ 21,000 ರೂ. ವರೆಗೆ ಸಂಬಳವಿರುವವರಿಗೆ ಇಎಸ್‌ಐ ಇದೆ. 2019ರ ಜುಲೈನಿಂದ ಮಾಲೀಕರ ಪಾಲು ಶೇ. 3.25, ಕೆಲಸಗಾರರದು ಶೇ. 0.75. ವಂತಿಗೆ ಸರಿಯಾಗಿ ಕಟ್ಟಿದ್ದರೆ ಸನತ್‌ನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ವೈದ್ಯರು ರಜೆ ಬರೆದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70 ಭಾಗವೂ ದೊರೆಯುತ್ತದೆ. ಹೆಸರು ನೋಂದಾಯಿಸದೆ ಉಳಿಸಿದ ಹಣ ಇಂಥ ಹೊತ್ತಿನಲ್ಲಿ ನಮ್ಮನ್ನೇ ಚುಚ್ಚುತ್ತದೆ.

ಅಡಿಗೆಮನೆಯಲ್ಲೂ ಕೆಲವು ಬದಲಾವಣೆ ಬೇಕು. ದೋಸೆ ಕಾವಲಿ ಮಾಸ್ಟರರ ಮೊಣಕೈಗಿಂತ ಸ್ವಲ್ಪ ಕೆಳಗಿರಲಿ. ಹಿಟ್ಟಿನ ಪಾತ್ರೆಯನ್ನು ಇಬ್ಬರು ಎತ್ತಲಿ, ಇಲ್ಲವೇ ಗಾಲಿಯ ಸ್ಟ್ಯಾಂಡ್ ಮೇಲಿಡಿರಿ. ಕಾವಲಿಯ ಮುಂದೆ ಒಬ್ಬರನ್ನೇ ದಿನವಿಡೀ ನಿಲ್ಲಿಸಬೇಡಿರಿ.

ಗ್ರೈಂಡರ್ ಸದ್ದು ಮಾಡಿದ ದಿನವೇ ನಾವು ಮೆಕ್ಯಾನಿಕ್‌ನನ್ನು ಕರೆಸುತ್ತೇವೆ. ಅದನ್ನು ನಡೆಸುವ ಕೈ ನೋಯುತ್ತದೆ ಎಂದಾಗಲೂ ಅಷ್ಟೇ ಬೇಗ ಏಳೋಣ. ನಾವು ಮೂರು ತಿಂಗಳು ತಡ ಮಾಡಿದೆವು, ನೀವು ಮಾಡಬೇಡಿರಿ.