ಮಾಳಿಗೆ ಮೇಲಿನ ರೂಮು, ಮೇ ತಿಂಗಳ ಬಿಸಿಲು

ರಾಯಚೂರಿನಲ್ಲಿ ವಿದ್ಯಾರ್ಥಿಗಳಿಗೆ ಅಗ್ಗಕ್ಕೆ ಸಿಗುವ ಬಾಡಿಗೆ ರೂಮು ಹೆಚ್ಚಾಗಿ ಮಾಳಿಗೆಯ ಮೇಲಿರುತ್ತದೆ. ಕೆಳಗಿನ ಮನೆ ಸಂಸಾರಸ್ಥರಿಗೆ. ಮೇಲೆ ನೀರಿನ ಟ್ಯಾಂಕಿನ ಪಕ್ಕ ನಾಲ್ಕು ಗೋಡೆ ಎಬ್ಬಿಸಿ, ನಾಲ್ಕೈದು ಇಂಚಿನ ಸ್ಲ್ಯಾಬ್ ಎಳೆದು, ಕೆಲವು ಕಡೆ ಬರೀ ತಗಡು ಹೊದಿಸಿ ಮಾಡಿದ ಒಂಟಿ ಕೋಣೆ ಓದುವ ಹುಡುಗರಿಗೆ. ದೇವದುರ್ಗದಿಂದ ಗಬ್ಬೂರಿನ ಮೇಲೆ, ಮಾನ್ವಿಯಿಂದ ಕಲ್ಲೂರಿನ ಮೇಲೆ ಬಸ್ ಹಿಡಿದು ಬರುವ ಮಕ್ಕಳು ಇಂಥ ರೂಮು ಹುಡುಕುವುದು ಜೂನ್, ಜುಲೈನಲ್ಲಿ. ಆಗ ಮಳೆ ಬಿದ್ದು ಗಾಳಿ ತಂಪಾಗಿರುತ್ತದೆ. ಅಡ್ವಾನ್ಸ್ ಕೊಟ್ಟು ಬೀಗದ ಕೈ ಇಸಿದುಕೊಂಡವರಿಗೆ ಆ ಕೋಣೆ ಎಂಥದ್ದು ಎಂದು ಗೊತ್ತಾಗುವುದು ಮುಂದಿನ ಮಾರ್ಚ್‌ಗೆ. ಬರುವ ವರ್ಷಗಳಲ್ಲಿ ಈ ಕೋಣೆಗಳು ಮಕ್ಕಳ ಓದನ್ನಷ್ಟೇ ಅಲ್ಲ, ಜೀವವನ್ನೂ ಅಪಾಯಕ್ಕೆ ಒಡ್ಡಲಿವೆ. ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ.

ಮೊದಲು ಸೂರ್ಯನ ಲೆಕ್ಕ ನೋಡೋಣ. ರಾಯಚೂರು ಇರುವುದು ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದ ನಡುಮಧ್ಯಾಹ್ನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿನಲ್ಲಿ ಬಿಸಿಲಿನ ಹೊಡೆತವನ್ನು ಗೋಡೆಗಿಂತ ಹೆಚ್ಚು ತಿನ್ನುವುದು ಮಾಳಿಗೆ. ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ ಸಾವಿರ ವ್ಯಾಟ್ ಶಾಖ ಬೀಳುತ್ತದೆ. ನೀಟ್ ಪರೀಕ್ಷೆ 2024ರಲ್ಲಿ ಮೇ 5ಕ್ಕೆ, 2025ರಲ್ಲಿ ಮೇ 4ಕ್ಕೆ ನಡೆಯಿತು. ಸಿಇಟಿ ಎರಡೂ ವರ್ಷ ಏಪ್ರಿಲ್‌ನಲ್ಲಿ. ಮಕ್ಕಳು ಅತಿ ಹೆಚ್ಚು ಓದಬೇಕಾದ ವಾರಗಳೂ ಸ್ಲ್ಯಾಬ್ ಅತಿ ಹೆಚ್ಚು ಕಾಯುವ ವಾರಗಳೂ ಒಂದೇ.

ಕಾಂಕ್ರೀಟು ಬಿಸಿಯನ್ನು ಕೂಡಲೇ ಒಳಗೆ ಬಿಡುವುದಿಲ್ಲ. ನಾಲ್ಕೈದು ಇಂಚಿನ ಸ್ಲ್ಯಾಬಿನಲ್ಲಿ ಹೊರಗಿನ ಶಾಖ ಒಳಮೈಗೆ ಇಳಿಯಲು ಮೂರು ನಾಲ್ಕು ತಾಸು ಬೇಕು. ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ಸಂಜೆಯಿಂದ ಕಾರತೊಡಗುತ್ತದೆ, ಒಲೆ ಆರಿಸಿದ ಮೇಲೂ ಸುಡುವ ರೊಟ್ಟಿ ಹಂಚಿನ ಹಾಗೆ. ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಅಂಗೈಯನ್ನು ಸ್ಲ್ಯಾಬಿಗೆ ಒತ್ತಿ ಹಿಡಿದರೆ ಇದು ಯಾರಿಗೂ ತಿಳಿಯುತ್ತದೆ. ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರೂ ಬಿಸಿ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಮೇಲಿನಿಂದ ಶಾಖ ಸುರಿಯುತ್ತಿರುವಾಗ ಅದು ಇಳಿಯುವುದಿಲ್ಲ. ಹೊರಗೆ ಮಾಳಿಗೆ ಮೇಲೆ ಮಲಗೋಣವೆಂದರೆ ಎಲ್ಲ ಮಾಲೀಕರೂ ಒಪ್ಪುವುದಿಲ್ಲ. ಹುಡುಗಿಯರಿಗಂತೂ ಆ ದಾರಿಯೇ ಇಲ್ಲ.

ಇದರಿಂದ ಓದಿಗೆ ಆಗುವ ನಷ್ಟವನ್ನು ವಿಜ್ಞಾನಿಗಳು ಅಳೆದಿದ್ದಾರೆ. 2016ರ ಬೇಸಿಗೆಯಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಹಾರ್ವರ್ಡ್ ಸಂಶೋಧಕರು ಹಾಸ್ಟೆಲುಗಳಲ್ಲಿದ್ದ 44 ವಿದ್ಯಾರ್ಥಿಗಳನ್ನು 12 ದಿನ ಪರೀಕ್ಷಿಸಿದರು. ಎಸಿ ಇಲ್ಲದ ಕೋಣೆಗಳಲ್ಲಿ ಮಲಗಿ ಎದ್ದವರು, ಬಿಸಿಗಾಳಿಯ ದಿನಗಳಲ್ಲಿ, ಒಂದು ಪರೀಕ್ಷೆಯಲ್ಲಿ ಉತ್ತರಿಸಲು ಶೇ 13ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಕೂಡುವ ಕಳೆಯುವ ಲೆಕ್ಕದಲ್ಲೂ ಶೇ 13ರಷ್ಟು ಹಿಂದೆ ಬಿದ್ದರು. ಅವರ ಕೋಣೆಗಳ ಸರಾಸರಿ ಉಷ್ಣತೆ ಎಷ್ಟು ಗೊತ್ತೇ? 26 ಡಿಗ್ರಿಯ ಆಸುಪಾಸು. ರಾಯಚೂರಿನಲ್ಲಿ ಹೊರಗಿನ ಗಾಳಿಯೇ 40 ದಾಟುವ ದಿನಗಳಲ್ಲಿ ಮಾಳಿಗೆ ರೂಮಿನೊಳಗೆ ಓದುವ ಮಗುವಿಗೆ ಆಗುವ ನಷ್ಟ ಇನ್ನೆಷ್ಟಿರಬೇಕು!

ಜೀವಹಾನಿಯ ಸಾಕ್ಷ್ಯ ಪ್ಯಾರಿಸಿನದು. ಆ ಊರಿನಲ್ಲೂ ದೂರದಿಂದ ಬಂದ ವಿದ್ಯಾರ್ಥಿಗಳಿಗೆ ಕೈಗೆಟುಕುವುದು ಹಳೆಯ ಕಟ್ಟಡಗಳ ತುತ್ತತುದಿಯ, ಸತುವಿನ ತಗಡಿನ ಕೆಳಗಿನ ಪುಟ್ಟ ಕೋಣೆಗಳೇ. 2003ರ ಆಗಸ್ಟಿನ ಬಿಸಿಗಾಳಿಗೆ ಫ್ರಾನ್ಸಿನಲ್ಲಿ ಸುಮಾರು 15 ಸಾವಿರ ಜನ ಸತ್ತರು. ಆಮೇಲೆ ನಡೆದ ಅಧ್ಯಯನದಲ್ಲಿ, ಚಾವಣಿಗೆ ತಾಗಿದ ಕೋಣೆಯಲ್ಲಿ ಮಲಗುತ್ತಿದ್ದ ಹಿರಿಯರಿಗೆ ಸಾವಿನ ಅಪಾಯ ಹಲವು ಪಟ್ಟು ಹೆಚ್ಚಿದ್ದದ್ದು ಕಂಡಿತು. ಅವರು ಮುದುಕರು, ನಮ್ಮ ಮಕ್ಕಳು ಹರೆಯದವರು, ಇದು ನಿಜ. ಆದರೆ ಹರೆಯದ ಮೈಗೂ ತಾಳಿಕೆಗೊಂದು ಮಿತಿ ಇದೆ, ಮತ್ತು ಬಿಸಿ ಆ ಮಿತಿಯ ಕಡೆಗೇ ಸಾಗುತ್ತಿದೆ. ಭಾರತದಲ್ಲಿ 1901ರಿಂದ ದಾಖಲಾದ ವರ್ಷಗಳಲ್ಲೆಲ್ಲ 2024 ಅತಿ ಬಿಸಿಯದು. ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ತೀವ್ರ ಬಿಸಿ, ಭೂಮಿ ಒಂದೂವರೆ ಡಿಗ್ರಿ ಕಾದಾಗ ಹತ್ತು ವರ್ಷದಲ್ಲಿ ನಾಲ್ಕು ಸಲ ಬರುತ್ತದೆ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿ ಅಂದಾಜಿಸಿದೆ.

ಫ್ಯಾನ್ ಇದೆಯಲ್ಲ ಎನ್ನುವವರು ಒಂದು ಮಾತು ಕೇಳಬೇಕು. ಗಾಳಿ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಮೈ ಒದ್ದೆ ಮಾಡಿಕೊಂಡು, ಕಿಟಕಿ ತೆರೆದಿಟ್ಟು ಫ್ಯಾನ್ ಹಾಕಿದರೆ ನಮ್ಮ ಒಣ ಹವೆಯಲ್ಲಿ ಪ್ರಯೋಜನವಿದೆ. ಒಂದೇ ಕಿಟಕಿ, ಅದೂ ಪಡುವಣಕ್ಕೆ ಇದ್ದರೆ ಈ ಉಪಾಯವೂ ಕಷ್ಟ.

ತಂದೆತಾಯಿ ತಿಳಿಯದೆ ಇಂಥ ರೂಮು ಹಿಡಿಸುತ್ತಾರೆ ಎನ್ನಲಾರೆ. ಕೈಯಲ್ಲಿರುವ ದುಡ್ಡಿಗೆ ಸಿಗುವುದು ಅದೇ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆಂದು ವಿದ್ಯಾಸಿರಿ ಯೋಜನೆ ಶುರುವಾದಾಗ ಕೊಟ್ಟದ್ದು ತಿಂಗಳಿಗೆ 1,500 ರೂಪಾಯಿ, ಊಟಕ್ಕೂ ವಸತಿಗೂ ಸೇರಿ. ಅಷ್ಟರಲ್ಲಿ ಕೆಳಮನೆ ಯಾರು ಕೊಡುತ್ತಾರೆ?

ಆದರೆ ಇದೇ ಕೋಣೆಯನ್ನು ಸುಧಾರಿಸಲು ದೊಡ್ಡ ದುಡ್ಡು ಬೇಕಿಲ್ಲ. ಮಾಳಿಗೆಗೆ ದಪ್ಪಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಮರಳಿ ಆಕಾಶಕ್ಕೆ ಹೋಗುತ್ತದೆ, ಒಳಗೆ ಎರಡರಿಂದ ಐದು ಡಿಗ್ರಿ ಕಡಿಮೆಯಾಗಬಹುದು. ದೇವಸೂಗೂರಿನ ಹತ್ತಿರ ಕೃಷ್ಣೆಯ ಸೇತುವೆ ದಾಟಿದರೆ ಸಿಗುವ ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿ ತಂದು, ಸರ್ಕಾರಿ ಕಟ್ಟಡಗಳಿಗೂ ದೊಡ್ಡ ಕಟ್ಟಡಗಳಿಗೂ ಅದನ್ನು ಕಡ್ಡಾಯ ಮಾಡಿದೆ. ಅಹಮದಾಬಾದ್ 2010ರ ಮೇ ಒಂದೇ ತಿಂಗಳಲ್ಲಿ 1,344 ಹೆಚ್ಚುವರಿ ಸಾವು ಕಂಡು, 2013ರಲ್ಲಿ ಬಿಸಿಗಾಳಿ ಯೋಜನೆ ಮಾಡಿತು. ರಾಯಚೂರು ಸಾವಿನ ಲೆಕ್ಕ ಬರುವ ತನಕ ಕಾಯಬೇಕಾಗಿಲ್ಲ. ಬಾಡಿಗೆಗೆ ಕೊಡುವ ಮಾಳಿಗೆ ರೂಮಿಗೆ ಪ್ರತಿ ಫೆಬ್ರುವರಿಯಲ್ಲಿ ಸುಣ್ಣ ಬಳಿಯಲೇಬೇಕೆಂಬ ನಿಯಮವನ್ನು ನಗರಾಡಳಿತ ತರಬಹುದು. ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯ, ರಿಮ್ಸ್ ವೈದ್ಯಕೀಯ ಕಾಲೇಜು, ಊರೊಳಗಿನ ಕಾಲೇಜುಗಳು ಏಪ್ರಿಲ್, ಮೇ ತಿಂಗಳಲ್ಲಿ ನೆಲಮಹಡಿಯ ಒಂದೊಂದು ಹಾಲನ್ನು ರಾತ್ರಿಯಿಡೀ ತೆರೆದಿಟ್ಟು, ಕುಡಿಯುವ ನೀರಿಟ್ಟು, ಹೊರಗಿನ ಮಕ್ಕಳಿಗೂ ಓದಲು, ಮಲಗಲು ಬಿಡಬಹುದು. ಹುಡುಗಿಯರಿಗೆ ಬೇರೆ ಹಾಲು, ಕಾವಲು ಬೇಕು. ರೂಮು ನೋಡಲು ಬರುವ ದೇವದುರ್ಗ, ಮಾನ್ವಿಯ ತಂದೆತಾಯಿಗಳು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನ ಮರಳುವುದು ಬಿಟ್ಟು, ಸಂಜೆ ಏಳರ ತನಕ ನಿಂತು ಆ ಕೋಣೆಯೊಳಗೆ ಅರ್ಧ ತಾಸು ಕುಳಿತು ನೋಡಲಿ. ಬೇಸಿಗೆಯಲ್ಲಿ ಅಲ್ಲಿದ್ದ ಹುಡುಗನ ನಂಬರ್ ಕೇಳಿ ಪಡೆದು, ಮೇ ತಿಂಗಳ ರಾತ್ರಿಗಳನ್ನು ಎಲ್ಲಿ ಕಳೆದೆಯಪ್ಪ ಎಂದು ಅವನನ್ನೇ ವಿಚಾರಿಸಲಿ.